ತಂಗಿಯ ಬೂದುಗಣ್ಣು

ನನ್ನ ಚಿಕ್ಕಮ್ಮನ ಮಗಳು ಸೀರೆ ಅಂಗಡಿಗಳ ಜಾಹೀರಾತಿಗೆ ಮಾಡೆಲ್ ಆಗಿದ್ದಳು. ಹುಟ್ಟಿನಿಂದ ಕಡುಕಂದು ಕಣ್ಣು. ಬಣ್ಣದ ಲೆನ್ಸ್ ಹಾಕಿದರೆ ಉರಿಯುತ್ತದೆಂದು, ವಿದೇಶದ ಯಾವುದೋ ಕ್ಲಿನಿಕ್‌ಗೆ ಹೋಗಿ ಎರಡೂ ಕಣ್ಣಿನೊಳಗೆ ಬೂದು ಬಣ್ಣದ ತೆಳು ಸಿಲಿಕಾನ್ ಬಿಲ್ಲೆ ಕೂರಿಸಿಕೊಂಡು ಬಂದಳು. ಮನೆಯಲ್ಲಿ ಹೇಳಿದ್ದು ಶೂಟಿಂಗ್ ಎಂದು.

ಮುಲುಂಡಿನ ನಮ್ಮ ಮನೆಗೆ ಬಂದಾಗ ಬಿಲ್ಡಿಂಗಿನ ಹೆಂಗಸರೆಲ್ಲ ಸುತ್ತುವರಿದು ಹೊಗಳಿದರು. ನನಗೆ ಮಾತ್ರ ಆ ಕಣ್ಣುಗಳನ್ನು ನೋಡುತ್ತ ಕೂರಲು ಆಗಲಿಲ್ಲ. ಬಾಲ್ಕನಿಯ ಬಿಸಿಲಿನಲ್ಲೂ ಒಳಗಿನ ಮಬ್ಬಿನಲ್ಲೂ ನಡುವಿನ ಕಪ್ಪು ಒಂದೇ ಅಳತೆಯಲ್ಲಿತ್ತು. ಕುಗ್ಗಲಿಲ್ಲ, ಹಿಗ್ಗಲಿಲ್ಲ.

“ನೋವು ಎಂತ ಸಹ ಇಲ್ವಾ?” ಎಂದೆ.

“ಇಲ್ಲ ಅಕ್ಕ, ಎಕ್ದಮ್ ಫಸ್ಟ್ ಕ್ಲಾಸ್. ಬೇಡ ಅಂತ ಕಂಡ್ರೆ ತೆಗೀಲಿಕ್ಕೂ ಆಗ್ತದಂತೆ.”

ನಮ್ಮಲ್ಲೇ ಉಳಿದಿದ್ದ ಅವಳು ಮಳೆಗಾಲ ಮುಗಿಯುವಷ್ಟರಲ್ಲಿ ಟ್ಯೂಬ್‌ಲೈಟ್ ಆರಿಸಿ ಕೂರತೊಡಗಿದಳು. ಹಚ್ಚಿದರೆ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದಂತೆ. ತಲೆನೋವಿಗೆ ತಾನೇ ಮಾತ್ರೆ ತಂದು ನುಂಗುತ್ತಿದ್ದಳು. ಡಾಕ್ಟರ ಬಳಿ ಹೋಗೋಣವೆಂದರೆ ಸಿಡುಕುತ್ತಿದ್ದಳು.

ಒಂದು ಸಂಜೆ ಲೋಕಲ್‌ಗೆ ನಿಂತಿದ್ದಾಗ ನನ್ನ ತೋಳನ್ನು ಬಿಗಿಯಾಗಿ ಹಿಡಿದಳು.

“ಅಕ್ಕಾ, ಟ್ರೇನ್ ಬಂತಾ? ಸೌಂಡ್ ಕೇಳ್ತದೆ. ಕಣ್ಣಿಗೆ ಎಲ್ಲ ಹೊಗೆ ಹೊಗೆ.”

ಗಾಡಿ ನಮ್ಮೆದುರೇ ನಿಂತಿತ್ತು. ಹತ್ತಲಿಲ್ಲ. ರಿಕ್ಷಾ ಹಿಡಿದು ನೇರ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಯಂತ್ರದೊಳಗೆ ತುಂಬ ಹೊತ್ತು ನೋಡಿದರು.

“ಯೇ ಕಿಸ್ನೇ ಕಿಯಾ?” ಎಂದರು. ಯಾರು ಮಾಡಿದ್ದು ಇದನ್ನು ಎಂಬ ಆ ಪ್ರಶ್ನೆಗೆ ತಂಗಿ ಸಣ್ಣ ದನಿಯಲ್ಲಿ ಕ್ಲಿನಿಕ್ಕಿನ ಹೆಸರು ಹೇಳಿದಳು.

ಬಿಲ್ಲೆ ಒಳಗೆ ಉಜ್ಜಿ ಉಜ್ಜಿ ಕಣ್ಣಿನ ಒತ್ತಡ ಏರಿತ್ತು. ಎಡಗಣ್ಣಿನ ನರ ಬಹಳ ಹಾಳಾಗಿತ್ತು. ಹೋದ ದೃಷ್ಟಿ ಮರಳುವುದಿಲ್ಲ ಎಂದರು. ಆಪರೇಷನ್ ಮಾಡಿ ಎರಡೂ ಬಿಲ್ಲೆ ತೆಗೆದರು. ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಈಗ ಬೆಳಕು, ನೆರಳು ಅಷ್ಟೇ. ಕೆಲಸ ಬಿಟ್ಟಳು. ಒತ್ತಡ ಇಳಿಸುವ ಹನಿಗಳನ್ನು ಬದುಕಿಡೀ ಹಾಕಬೇಕು.

ಮೊನ್ನೆ ಅವಳೇ ಫೋನ್ ಮಾಡಿದಳು. ಜೊತೆಗೆ ಮಾಡೆಲಿಂಗ್ ಮಾಡುತ್ತಿದ್ದ ಹುಡುಗಿಯೊಬ್ಬಳು ಕ್ಲಿನಿಕ್ಕಿನ ವಿಳಾಸ ಕೇಳಿದ್ದಳಂತೆ.

“ನಾನು ಎಲ್ಲ ಹೇಳ್ದೆ ಅಕ್ಕಾ. ನಿನ್ನ ಲಕ್ ಖರಾಬ್, ನಂಗೆ ಹಾಗಾಗುದಿಲ್ಲ ಅಂತಾಳೆ.”

“ಇನ್ನೊಮ್ಮೆ ಮಾತಾಡು ಮಾರಾಯ್ತಿ. ಬೇಕಾದ್ರೆ ನಾನೂ ಹೇಳ್ತೇನೆ.”

ಇಬ್ಬರೂ ಸರದಿಯಲ್ಲಿ ಫೋನ್ ಮಾಡಿದೆವು. ಆ ಹುಡುಗಿ ಎತ್ತಲಿಲ್ಲ. ವಿಳಾಸ ಬೇರೆ ಯಾರಿಂದಲೋ ಸಿಕ್ಕಿ, ಆಗಲೇ ವಿಮಾನ ಹತ್ತಿದ್ದಳೆಂದು ಮರುದಿನ ತಿಳಿಯಿತು.