ಕಣ್ಣು ಮಿಟುಕಿಸದ ಒಂದು ನಿಮಿಷ

ಏಳನೇ ಕ್ಲಾಸಿನಲ್ಲಿದ್ದ ನನ್ನ ತಂಗಿ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಸುದ್ದಿ ಓದುವುದನ್ನು ಬಿಟ್ಟಳು. ಓದುವಾಗ ಅವಳ ಕತ್ತು ತಾನಾಗಿ ಪಟಕ್ಕನೆ ಬಲಕ್ಕೆ ತಿರುಗುತ್ತಿತ್ತು, ಮುಂದಿನ ಸಾಲಿನ ಮಕ್ಕಳು ಹಾಗೇ ಮಾಡಿ ತೋರಿಸುತ್ತಿದ್ದರು. ಡಾಕ್ಟರು ಅದನ್ನು ಟಿಕ್, ಅಂದರೆ ಮತ್ತೆ ಮತ್ತೆ ತಾನಾಗಿ ಬರುವ ಸ್ನಾಯುವಿನ ಸೆಳೆತ, ಎಂದರು. ಸದ್ಯಕ್ಕೆ ಮಾತ್ರೆ ಬೇಡ, ಥೆರಪಿ ನೋಡೋಣ ಎಂದು ಸಹಕಾರನಗರದ ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿ ಕಳಿಸಿದರು. ಜಕ್ಕೂರಿನಿಂದ ಸ್ಕೂಟರಿನಲ್ಲಿ ಅವಳನ್ನು ಕರೆದೊಯ್ಯುವ ಕೆಲಸ ನನ್ನದಾಯಿತು.

ನಾನು ಕಾಲೇಜಿನ ಚರ್ಚಾ ತಂಡದವಳು. ಬರೀ ಮಾತಿನಿಂದ ಕತ್ತು ನಿಲ್ಲುತ್ತದೆ ಎಂದರೆ ನಂಬುವುದು ಹೇಗೆ? ಮನೆಯಲ್ಲಿ ಅಜ್ಜಿ ಹೊತ್ತು ಹೊತ್ತಿಗೂ "ಇಂಗ್ ಕತ್ ಕುಣುಸ್ಬ್ಯಾಡ ಕಣೇ" ಅನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ. ಮಾತಿಗೆ ನಿಲ್ಲುವುದಾಗಿದ್ದರೆ ಅಷ್ಟಕ್ಕೇ ನಿಲ್ಲಬೇಕಿತ್ತು.

ಮೊದಲ ದಿನವೇ ವಾದ ಮುಂದಿಟ್ಟೆ. "ಮೇಡಂ, ತಡೆಯೋಕಾಗುತ್ತೆ ಅಂದ್ರೆ ಬೇಕಂತ್ಲೇ ಮಾಡ್ತಿದ್ದಾಳೆ ಅಂತಾಯ್ತು. ಬೇಕಂತ ಮಾಡ್ತಿಲ್ಲ ಅಂದ್ರೆ ತಡೆಯೋಕಾಗಲ್ಲ. ಎರಡ್ರಲ್ಲಿ ಒಂದು ಹೇಳಿ."

ಅವರು ನಕ್ಕರು. "ಒಳ್ಳೇ ಪ್ರಶ್ನೆ. ಕಣ್ಣು ಮಿಟುಕಿಸದೆ ಇನ್ನೊಂದ್ಸಲ ಕೇಳಿ. ಒಂದು ನಿಮಿಷ ಮಾತಾಡಿ, ಸಾಕು."

ತಂಗಿ ಗೋಡೆ ಗಡಿಯಾರ ನೋಡಿ ಎಣಿಸತೊಡಗಿದಳು. ನನ್ನ ಮೊದಲ ವಾಕ್ಯ ಸರಾಗವಾಗಿ ಬಂತು. ಎರಡನೆಯದರ ನಡುವೆ ಕಣ್ಣು ಉರಿಯಿತು. ಮೂರನೆಯದು ಏನೆಂಬುದೇ ಮರೆತುಹೋಯಿತು. ಆ ಎರಡು ರೆಪ್ಪೆ ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಉಳಿಯಲಿಲ್ಲ. ನೀರು ಸುರಿದು ಕಣ್ಣು ಮುಚ್ಚಿಹೋಯಿತು.

"ಇಪ್ಪತ್ತೆರಡು ಸೆಕೆಂಡ್," ಎಂದಳು ತಂಗಿ. ಆಮೇಲೆ ಮೆಲ್ಲಗೆ, "ನಂಗೆ ಕ್ಲಾಸಲ್ಲಿ ದಿನಾ ಹಿಂಗೇ ಅಕ್ಕ, ಕತ್ತಲ್ಲಿ. ಮಿಸ್ ಹೇಳೋದು ಒಂದೂ ಕೇಳ್ಸಲ್ಲ."

ಸೋತಾಗ ತೀರ್ಪುಗಾರರನ್ನು ಬೈಯುವುದು ನನ್ನ ರೂಢಿ. ಅವತ್ತು ಬೈಯಲು ಯಾರೂ ಸಿಗಲಿಲ್ಲ.

ಕತ್ತು ತಿರುಗುವ ಮುಂಚೆ ಒಳಗೊಂದು ತುಡಿತ ಏಳುತ್ತದೆ, ಅದನ್ನು ಗುರುತಿಸುವುದು ಅವಳ ಮೊದಲ ಪಾಠ. ಎದ್ದ ಕೂಡಲೇ ಗದ್ದ ತುಸು ಇಳಿಸಿ, ಕತ್ತು ಮೆಲ್ಲಗೆ ಬಿಗಿಹಿಡಿದು, ನಿಧಾನ ಉಸಿರಾಡುತ್ತ, ಅದು ತಣಿಯುವವರೆಗೂ ಕಾಯಬೇಕು. ನನಗೂ ಅಜ್ಜಿಗೂ ಒಂದೇ ಪಾಠ: ಕತ್ತಿನ ಮಾತೆತ್ತಬಾರದು. ಊಟಕ್ಕೆ ಕೂತಾಗ ಅವಳು ಗದ್ದ ಇಳಿಸಿ ಕಾಯುತ್ತಿದ್ದಳು, ನಾನು ತುಟಿ ಕಚ್ಚಿ ತಟ್ಟೆ ನೋಡುತ್ತಿದ್ದೆ. ಅವಳೇ ಮೊದಲು ಕಲಿತಳು.

ಮೂರು ತಿಂಗಳು ಕಳೆದ ಮೇಲೆ ಸುದ್ದಿ ಓದಲು ತಾನಾಗಿ ಹೆಸರು ಕೊಟ್ಟಳು. ನಾನು ಶಾಲೆಯ ಗೇಟಿನ ಬಳಿ ನಿಂತಿದ್ದೆ. ಅವಳು ಓದುತ್ತಿರುವಾಗ ಜಕ್ಕೂರಿನ ಏರೋಡ್ರೋಮಿನ ಪುಟ್ಟ ತರಬೇತಿ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಅಂಗಳದ ಅಷ್ಟೂ ಕತ್ತುಗಳು ಮೇಲೆ ತಿರುಗಿದವು, ನನ್ನದೂ. ಕೆಳಗೆ ನೋಡಿದರೆ ಅವಳೊಬ್ಬಳ ಗದ್ದ ಇಳಿದಿತ್ತು. ಒಂದು ಉಸಿರು, ಇನ್ನೊಂದು. ಮತ್ತೆ ಓದು. ಕೊನೆಗೆ ಒಮ್ಮೆ ಕತ್ತು ತಿರುಗಿಯೇ ಬಿಟ್ಟಿತು. ಅವಳು ಅದನ್ನು ಹೋಗಲು ಬಿಟ್ಟು ಮುಂದಿನ ಸಾಲು ಹಿಡಿದಳು.

ಆಮೇಲೆ ಗೇಟಿಗೆ ಓಡಿ ಬಂದು, "ಒಂದು ಬಂತು, ನೋಡಿದ್ಯಾ?" ಎಂದಳು.

"ಆ ಮಾತೆತ್ತಬಾರ್ದು ಅಂದಿದ್ದಾರೆ."

"ಸರಿ, ಸುದ್ದಿ ಹೇಗಿತ್ತು ಹೇಳು."

ಬಾಯಿ ತೆರೆದೆ. ಅವಳ ಕತ್ತನ್ನೇ ಕಾಯುತ್ತಿದ್ದ ನನಗೆ ಒಂದು ಸುದ್ದಿಯೂ ಕೇಳಿಸಿರಲಿಲ್ಲ.