ಬಾಯಿಮಾತಿನ ಸಾರಿ, ಬರೆದುಕೊಟ್ಟ ಸಾರಿ

ಆಸ್ಪತ್ರೆಗಳ ಬೆಡ್‌ಶೀಟುಗಳೆಲ್ಲ ಬಂದು ಬೀಳುವ ಲಾಂಡ್ರಿಯಲ್ಲಿ ಅವಳು ಹದಿನಾರು ವರ್ಷ ದುಡಿದಳು. ಬಾಯಿ ಖಾರ, ಹಾಗಾಗಿ ಎಲ್ಲರಿಗೂ ಅವಳು ಮೆಣಸಿನಕಾಯಿ. ಒದ್ದೆ ಶೀಟಿನ ಎರಡು ತುದಿಯನ್ನು ಇಬ್ಬರು ಹೆಂಗಸರು ಹಿಡಿದು ಕಾದ ರೋಲರಿನ ಬಾಯಿಗೆ ಕೊಡಬೇಕು. ಆಚೆಯಿಂದ ಅದು ಇಸ್ತ್ರಿಯಾಗಿ ಹೊರಬೀಳುತ್ತದೆ. ಒಂದು ತುದಿಗೆ ಅವಳು, ಇನ್ನೊಂದಕ್ಕೆ ಅವಳ ನಾದಿನಿ. ರಕ್ತ, ಕೀವು, ವಾಂತಿಯ ಕಲೆ ಕಂಡು ಎಂದೂ ಮೂಗು ಮುಚ್ಚದವಳಿಗೆ ಹೇಸಿಗೆ ಹುಟ್ಟಿಸಿದ್ದು ಒಂದು ಇಂಗ್ಲಿಷ್ ಮಾತು: ಸಾರಿ.

ಅಲ್ಲಿ ಆ ಮಾತಿಗೆ ಅಚ್ಚು ಹಾಕಿಸಿದ ಫಾರಂ ಇತ್ತು. ಐದು ನಿಮಿಷ ತಡವಾದರೆ ಸಾರಿ ಲೆಟರ್. ಮುಟ್ಟಿನ ಹೊಟ್ಟೆನೋವಿಗೆ ಎರಡು ಸಲ ಹೊರಗೆ ಹೋದರೂ ಸಾರಿ ಲೆಟರ್. ಸಹಿ ಹಾಕಿ, ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಮೂರಾದರೆ ಗೇಟಿನಾಚೆ. ತಪ್ಪಾಯ್ತು ಅಂದವರನ್ನು ಮನ್ನಿಸುವುದು ಲೋಕರೂಢಿ. ಆ ದರಿದ್ರದ ಜಾಗದಲ್ಲಿ ಅಂದದ್ದೇ ಸಾಕ್ಷಿಯಾಗಿ ಫೈಲು ಸೇರುತ್ತಿತ್ತು. ಮೆಣಸಿನಕಾಯಿಯ ಲೆಟರುಗಳು ಆಗಲೇ ಎರಡಾಗಿದ್ದವು.

ಒಂದು ಮಧ್ಯಾಹ್ನ ನಾದಿನಿಯ ಬಲಗೈಯ ಎರಡು ಬೆರಳು ರೋಲರಿಗೆ ಸಿಕ್ಕಿ ಹೋದವು. ರೋಲರಿನ ಮುಂದೊಂದು ಕಬ್ಬಿಣದ ತಡೆಪಟ್ಟಿ ಇರುತ್ತದೆ, ಕೈ ತಾಗಿದೊಡನೆ ಯಂತ್ರ ನಿಲ್ಲುತ್ತದೆ. ಕೆಲಸ ನಿಧಾನವಾಗುತ್ತದೆಂದು ಮ್ಯಾನೇಜರ್ ಅದನ್ನು ಎರಡು ತಿಂಗಳ ಹಿಂದೆಯೇ ಬಿಚ್ಚಿಸಿದ್ದ.

ವಾರ ಕಳೆದು, ಬ್ಯಾಂಡೇಜಿನ ಕೈಯಲ್ಲೇ ನಾದಿನಿ ರಜೆ ಚೀಟಿ ಕೊಡಲು ಬಂದಾಗ ಮ್ಯಾನೇಜರ್ ಸೆಂಟು ಘಮಘಮಿಸುತ್ತ ಮೇಲಿನ ಆಫೀಸಿನಿಂದ ಇಳಿದು ಬಂದ.

"ವೆರಿ ಸಾರಿ ಅಮ್ಮ. ಆಗಬಾರದ್ದು ಆಗೋಯ್ತು. ಹೊಟ್ಟೆಗೆ ಹಾಕ್ಕೊಳ್ಳಿ."

"ಎಷ್ಟು ಅಂತ ಹಾಕ್ಕೊಳ್ಳೋದು ಸಾರ್, ನಮಗೆ ಅಜೀರ್ಣ ಆಗಿದೆ," ಅಂದಳು ಮೆಣಸಿನಕಾಯಿ. ಸೂಪರ್‌ವೈಸರನ ಮೇಜಿನಿಂದ ಒಂದು ಫಾರಂ ಎಳೆದು ತಂದು ಅವನ ಮುಂದೆ ಹಿಡಿದಳು. "ಪಟ್ಟಿ ಬಿಚ್ಚಿಸಿದ್ದು ನಾನೇ ಅಂತ ಇದ್ರಲ್ಲಿ ಬರ್ಕೊಟ್ಟು, ನಿಂತ್ಕೊಂಡು ಓದಿ. ನಾವೆಲ್ಲ ಓದಿಲ್ವಾ?"

"ತಲೆ ನೆಟ್ಟಗಿದ್ಯಾ ನಿಂಗೆ? ಬಾಯ್ಬಿಟ್ಟು ಹೇಳಿದ್ನಲ್ಲ!"

"ಬಾಯಲ್ಲಿ ಹೇಳಿದ್ದಕ್ಕೆ ನಮ್ಮನ್ನ ಯಾವತ್ತಾದ್ರೂ ಬಿಟ್ಟಿದ್ದೀರಾ?"

ನಾದಿನಿ ಅವಳ ಸೆರಗು ಜಗ್ಗಿದಳು. "ಬಿಡು ಅತ್ತಿಗೆ. ನಿನ್ ಕೆಲಸಾನೂ ಹೋದ್ರೆ ಮನೆ ಗತಿ?"

"ಹೋದ ಬೆರಳು ನಿಂದು, ಅದನ್ನ ನೀನು ಮಾಫಿ ಮಾಡ್ಕೋ. ನಾಳೆ ಆ ತುದಿಗೆ ನಿಲ್ಲೋಳ ಬೆರಳಿಗೆ ನೀನ್ಯಾರೇ ಮಾಫಿ ಮಾಡೋಕೆ?"

ಆ ಮಾತಿಗೆ ಇಪ್ಪತ್ತೆರಡು ಹೆಂಗಸರು ಯಂತ್ರ ಬಿಟ್ಟು ಶೀಟಿನ ರಾಶಿಯ ಮೇಲೆ ಕೂತರು. ಸಂಜೆಯೊಳಗೆ, ಶೀಟು ಎಲ್ಲಿ ಎಂದು ಆಸ್ಪತ್ರೆಗಳಿಂದ ಫೋನು ಒಂದೇ ಸಮನೆ ಬಡಿದುಕೊಂಡಿತು. ಫಿಟ್ಟರ್ ಓಡಿ ಬಂದು ತಡೆಪಟ್ಟಿ ಕೂರಿಸಿದ. ಮೆಣಸಿನಕಾಯಿ ಪೊರಕೆಯ ಹಿಡಿ ತೂರಿಸಿ ನೋಡಿದಳು, ಯಂತ್ರ ನಿಂತಿತು.

ಮ್ಯಾನೇಜರ್ ಒಂದಕ್ಷರ ಬರೆಯಲಿಲ್ಲ. ಕೆಲಸ ನಿಲ್ಲಿಸಿದ ತಪ್ಪಿಗೆ ಅವಳಿಂದಲೇ ಮೂರನೆಯ ಸಾರಿ ಲೆಟರ್ ಕೇಳಿದ. "ಹಾಕು ಸಹಿ, ಈ ಸಲ ಗೇಟಿನಾಚೆ ಕಳಿಸಲ್ಲ." ಅವಳು ಅದರಲ್ಲಿ ಕೈಯ ಗ್ರೀಸು ಒರೆಸಿ, ಮುದ್ದೆ ಮಾಡಿ ಅವನ ಮೇಜಿನ ಮೇಲಿಟ್ಟು ಮನೆಗೆ ನಡೆದಳು.

ತಿಂಗಳಾದ ಮೇಲೆ, ದಿಂಬಿನ ಚೀಲ ಮಡಿಸುವ ಹಗುರ ಕೆಲಸ ಕೊಡುತ್ತೇವೆಂದು ನಂಬಿಸಿ, ಮ್ಯಾನೇಜರನನ್ನು ಕ್ಷಮಿಸಿದ್ದೇನೆ ಎಂಬ ಕಾಗದಕ್ಕೆ ನಾದಿನಿಯ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಸುದ್ದಿ ಕೇಳಿ ಮೆಣಸಿನಕಾಯಿ ಥೂ ಎಂದು ಉಗಿದಳು. ಉಗಿದು, ಬಾಚಣಿಗೆ ತೆಗೆದುಕೊಂಡು ನಾದಿನಿಯ ಹಿಂದೆ ಕೂತಳು. ಒಂದು ಕೈಯಲ್ಲಿ ಜಡೆ ಹೆಣೆದುಕೊಳ್ಳಲು ಬರುವುದಿಲ್ಲವಲ್ಲ.

"ಸಾರಿ ಅತ್ತಿಗೆ," ಅಂದಳು ನಾದಿನಿ.

"ಆ ಹೊಲಸು ಮಾತು ಈ ಮನೇಲಿ ಬೇಡ. ಅಲ್ಲಾಡದೆ ಕೂತ್ಕೋ."