ಕ್ಷಮೆಯ ಡಬ್ಬಿ
ಕೋಬೆಯ ಬೋಲ್ಟ್ ಕಾರ್ಖಾನೆಯೊಂದು ತನ್ನ ಗುಮಾಸ್ತ ನಿಶಿಗಾಕಿಗೆ ಕೊಡಬೇಕಾದ ಸಂಬಳಸಹಿತ ರಜೆಯನ್ನು ವರ್ಷಗಟ್ಟಲೆ ಬಾಕಿ ಉಳಿಸಿಕೊಂಡಿದೆ. ಪ್ರತಿ ಬೇಸಿಗೆ ಅದರಲ್ಲಿ ಮೂರು ದಿನ ಕಿತ್ತುಕೊಂಡು ಮಕ್ಕಳನ್ನು ತೊತ್ತೊರಿಯ ಕಡಲಿಗೆ ಕರೆದೊಯ್ಯುವ ಈ ಪುಣ್ಯಾತ್ಮ, ಆರಾಮಕ್ಕೂ ಗಂಟೆ ಗೊತ್ತುಮಾಡುತ್ತಾನೆ: ಎರಡಕ್ಕೆ ಮರಳಾಟ, ಮೂರಕ್ಕೆ ಸುಮ್ಮನಿರುವುದು. "ಮಳೆ ಬಂದ್ರೆ ಎಲ್ಲಿ ಸುಮ್ನಿರೋದು, ಅದನ್ನೂ ಬರ್ಕೊಂಬಿಡಿ," ಎಂದು ಹೆಂಡತಿ ಮಾಕಿ ಕಿಚಾಯಿಸಿದರೆ ನಿಜಕ್ಕೂ ಬರೆದುಕೊಳ್ಳುತ್ತಾನೆ. ಆದರೆ ರೈಲು, ಬಿಸಿನೀರಿನ ಸ್ನಾನ, ಮಕ್ಕಳ ನಿದ್ದೆ ಎಲ್ಲಕ್ಕಿಂತ ಮೊದಲು ಅವನು ಗೊತ್ತುಮಾಡುವುದು, ಮರಳಿ ಬಂದ ಮೇಲೆ, ರಜೆ ಹಾಕಿದ್ದಕ್ಕೆ ಕ್ಷಮೆ ಕೇಳುತ್ತಾ ಆಫೀಸಿನಲ್ಲಿ ಹಂಚಬೇಕಾದ ಸಿಹಿಯ ಡಬ್ಬಿಯನ್ನು. ಈ ಸಲ ಐದು ವರ್ಷದ ಮಗಳು ಕೊಹಾರು ಕೇಳಿದಳು: "ನಮ್ಜೊತೆ ಸಮುದ್ರಕ್ಕೆ ಬರೋದು ತಪ್ಪಾ ಅಪ್ಪಾ?" ನಿಶಿಗಾಕಿ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ನಿಮ್ಮ ಮೇಜಿಗೂ ಇಂಥ ಡಬ್ಬಿ ಬಂದೇ ಬರುತ್ತದೆ. ಬಿಚ್ಚುವ ಮೊದಲು ಆ ಮಗುವಿಗೆ ಉತ್ತರ ಹೇಳಿ.